ಬರೆದುಕೊಂಡ ಅಳತೆ

"ಮೂವತ್ತೆಂಟು," ಎಂದಳು ಥೆರಪಿ ಹುಡುಗಿ, ಕರೆಂಟ್ ಯಂತ್ರದ ಗುಂಡಿ ತಿರುಗಿಸುತ್ತಾ. "ತೊಡೆ ಬಿಗಿ ಹಿಡೀತಾ ಅಮ್ಮ?"

"ಹಿಡೀತು. ಸಾಕು ಬಿಡಮ್ಮ," ಎಂದಳು ಟೈಲರಮ್ಮ.

ಹಸಿ ಸುಳ್ಳು. ಅಂಟಿಸಿದ ಪ್ಯಾಡಿನ ಕೆಳಗೆ ಚರ್ಮವಷ್ಟೇ ಇರುವೆ ಕಚ್ಚಿದ ಹಾಗೆ ಚುರುಗುಟ್ಟುತ್ತಿತ್ತು. ಒಳಗಿನ ಸ್ನಾಯು ಮಿಸುಕಿರಲಿಲ್ಲ. ಪರದೆಯಾಚೆ ಮಲಗಿದ್ದ ಒಣಕಲು ಮೇಷ್ಟ್ರಿಗೆ ಹದಿನೆಂಟಕ್ಕೇ ತೊಡೆ ಕುಪ್ಪಳಿಸಿತ್ತು. ಅವರ ಸಂಖ್ಯೆ ಇವಳಿಗೆ ಕೇಳಿದ ಮೇಲೆ ಇವಳದು ಅವರಿಗೆ ಕೇಳದೆ ಇರುತ್ತದೆಯೇ?

ಮಂಡಿಯ ಆಪರೇಷನ್ ಆಗಿ ಮೂರು ವಾರವಾಗಿತ್ತು. ತೊಡೆಗೆ ಬಲ ಬಾರದಿದ್ದರೆ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಲ್ಲುವ ಹಾಗಿಲ್ಲ, ನಿಲ್ಲದಿದ್ದರೆ ಮೂವತ್ತು ವರ್ಷದ ಅಂಗಡಿಗೆ ಬೀಗ. ಇದೆಲ್ಲ ಗೊತ್ತಿದ್ದೂ ಸಾಕು ಅನ್ನುತ್ತಿದ್ದಳು. ನಾಚಿಕೆಗೆ ಬುದ್ಧಿ ಹೇಳಿದವರುಂಟೇ?

ಹುಡುಗಿ ತೊಡೆಯ ಮೇಲೆ ಅಂಗೈಯಿಟ್ಟು ನೋಡಿದಳು. "ಹಿಡಿದೇ ಇಲ್ವಲ್ಲ. ಯಾಕಮ್ಮ ಹೀಗೆ ಹೇಳ್ತೀರಾ?"

ಟೈಲರಮ್ಮ ಪರದೆಯತ್ತ ಕಣ್ಣು ಹಾಯಿಸಿದಳು. ಆಮೇಲೆ ದನಿ ತಗ್ಗಿಸಿದಳು. "ನನ್ನಂಗಡಿಗೆ ದಪ್ಪಗಿರೋರು ಬಂದ್ರೆ ಸೊಂಟದಳತೆ ಬಾಯ್ಬಿಟ್ಟು ಹೇಳಲ್ಲ ಕಣಮ್ಮ. ಸುಮ್ನೆ ಪುಸ್ತಕದಲ್ಲಿ ಬರ್ಕೋತೀನಿ. ಅವರಾಗೇ ಎಷ್ಟು ಅಂತ ಕೇಳಿದ್ರೂ, ಬರ್ಕೊಂಡಿದ್ದೀನಿ ಬಿಡಿ ಅಂತೀನಿ. ನೀನು ನೋಡಿದ್ರೆ ಊರಿಗೆಲ್ಲ ಡಂಗುರ ಸಾರ್ತೀಯ."

ಹುಡುಗಿಯ ಮುಖ ಸಣ್ಣದಾಯಿತು. ರೋಗಿ ಬೆಚ್ಚಿಬೀಳದಿರಲೆಂದು ಸಂಖ್ಯೆ ಹೇಳಿಯೇ ಕರೆಂಟು ಏರಿಸುವುದು ಅಲ್ಲಿನ ರೂಢಿ. ಅವಳು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಕೊಬ್ಬಿನ ಪದರ ದಪ್ಪ ಇದ್ರೆ ನರ ಆಳದಲ್ಲಿರುತ್ತಮ್ಮ. ಅಲ್ಲಿಗೆ ಮುಟ್ಟೋಕೆ ಕರೆಂಟು ಜಾಸ್ತಿ ಬೇಕು. ಅದು ಮುಟ್ಟೋ ಮೊದಲೇ ಚರ್ಮ ಉರಿಯುತ್ತೆ. ಇದ್ರಲ್ಲಿ ನಿಮ್ಮ ತಪ್ಪೇನಿಲ್ಲ. ಎಲ್ಲರಿಗೂ ಹಾಕೋ ಚಿಕ್ಕ ಪ್ಯಾಡೇ ಹಾಕ್ದೆ ನೋಡಿ, ಅದು ನನ್ನ ತಪ್ಪು."

"ದಪ್ಪ ಬಟ್ಟೆಗೆ ಸಣ್ಣ ಸೂಜಿ ಹಾಕ್ದೆ ಅನ್ನು."

"ಹೂಂ. ಹಾಗೇ."

ಅವಳು ಅಂಗೈಯಗಲದ ಪ್ಯಾಡುಗಳನ್ನು ತಂದು, ಜಾಗ ಹುಡುಕಿ ಅಂಟಿಸಿದಳು. ಯಂತ್ರದ ಮುಖವನ್ನು ಗೋಡೆಯತ್ತ ತಿರುಗಿಸಿದಳು. ಟೈಲರಮ್ಮನ ಕೈಯನ್ನು ಎತ್ತಿ ಅವಳದೇ ತೊಡೆಯ ಮೇಲಿಟ್ಟು, "ಉರಿ ತಡೆಯೋಕಾಗದಿದ್ರೆ ಹೇಳಿ. ಇಲ್ದಿದ್ರೆ ತೊಡೆ ಬಿಗಿದಿದ್ದು ಈ ಕೈಗೆ ಗೊತ್ತಾಗೋ ತನಕ ಸಾಕು ಅನ್ಬೇಡಿ," ಎಂದಳು.

ಗುಂಡಿ ಸದ್ದಿಲ್ಲದೆ ತಿರುಗುತ್ತಾ ಹೋಯಿತು. ಚುರುಕು ಇತ್ತು, ಆದರೆ ಹರಡಿಕೊಂಡಿತ್ತು, ತಡೆಯಬಹುದಾಗಿತ್ತು. ಟೈಲರಮ್ಮ ಹಲ್ಲು ಕಚ್ಚಿದಳು. ಇನ್ನೂ ಸ್ವಲ್ಪ. ಆಗ ಅಂಗೈಯ ಕೆಳಗೆ, ಆಳದಲ್ಲೆಲ್ಲೋ, ಏನೋ ಗಂಟುಕಟ್ಟಿ ಗಟ್ಟಿಯಾಯಿತು. ಮಂಡಿಚಿಪ್ಪು ತೊಡೆಯ ಕಡೆಗೆ ಸರಿಯಿತು. ಸತ್ತೇಹೋಗಿದೆ ಅಂದುಕೊಂಡಿದ್ದ ಕಾಲು. ಅವಳಿಗೆ ಅಳು ಬಂತು.

"ಎಷ್ಟಕ್ಕೆ ಹಿಡೀತಮ್ಮ ಅವರಿಗೆ?" ಪರದೆಯಾಚೆಯಿಂದ ಮೇಷ್ಟ್ರು ಕೇಳಿದರು.

"ಬರ್ಕೊಂಡಿದ್ದೀನಿ ಬಿಡಿ, ಮೇಷ್ಟ್ರೇ," ಎಂದಳು ಹುಡುಗಿ.

ಕರೆಂಟಿನ ಅಲೆ ಇಳಿದು ಸ್ನಾಯು ಸಡಿಲವಾಯಿತು. ಟೈಲರಮ್ಮ ಕೈ ತೆಗೆಯದೆ, ಅದು ಮತ್ತೆ ಬಿಗಿಯುವುದನ್ನು ಕಾಯುತ್ತಾ ಮಲಗಿದಳು.