ಎರಡನೆಯ ಬ್ರೇಕು

ಸಂಜೆ ಚಹಾದ ಲೋಟಗಳನ್ನು ತೆಗೆದು, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದು ಆರಿದ ಮೇಲೆಯೇ ಪುಸ್ತಕ ಇಡಬೇಕು. ಇದು ಆ ಮನೆಯ ಯಜಮಾನ ಮಾಡಿದ ಕಾನೂನು. ಅವನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಬೀದಿಯಲ್ಲಿ, ಅಂಗಡಿಯಲ್ಲಿ, ಕೊನೆಗೆ ಹೆಂಡತಿಯ ತವರಿನಲ್ಲೂ ಅವನನ್ನು ಮಾಸ್ಟ್ರು ಎಂದೇ ಕರೆಯುತ್ತಿದ್ದರು. ಹೆಸರು ಕಾರಿನಿಂದ ಬಂದದ್ದು, ಆದರೆ ಅವನು ಅದನ್ನು ಮನೆಯೊಳಕ್ಕೂ ತಂದುಕೊಂಡಿದ್ದ.

ಮಗಳು ಮೂರನೆಯ ತರಗತಿ. ಹುಟ್ಟಿದ ಹೊಸತರಲ್ಲಿ ಬಿಟ್ಟೂಬಿಡದೆ ಅಳುತ್ತಿದ್ದಳೆಂದು ಅಜ್ಜಿ ಅವಳನ್ನು ಪಿಟೀಲು ಎಂದು ಕರೆದಿದ್ದಳು. ಈಗ ಅವಳು ಮಾತಾಡುವುದೇ ಕಡಿಮೆ. ಹೆಸರು ಮಾತ್ರ ಹಾಗೇ ಉಳಿದಿತ್ತು.

ಆ ಸಂಜೆ ಪಿಟೀಲು ಆನೆಯೊಂದು ಟೋಪಿ ಕೊಳ್ಳಲು ಹೋದ ಕಥೆ ಓದುತ್ತಿದ್ದಳು. "ಅಂಗಡಿಯವನು ಒಳಗಿನಿಂದ ದೊಡ್ಡ ಏಡಿ…" ಎಂದಳು. ತಲೆ ತಗ್ಗಿಸಿದಳು. "ಏಲಕ್ಕಿ…" ಎಂದಳು. ಮತ್ತೆ ತಲೆ ತಗ್ಗಿಸಿದಳು. "ಏಣಿ ತಂದನು" ಎಂದು ಮುಗಿಸಿದಳು.

ಮಾಸ್ಟ್ರ ಮುಖ ಅರಳಿತು. ವರ್ಷದ ಮೊದಲಲ್ಲಿ ಇದೇ ಮಗು ಸಾಲಿಗೊಂದು ತಪ್ಪು ಮಾಡುತ್ತಿತ್ತು. ಆಗ ಅವನು "ತಪ್ಪು!" ಎಂದು ಅಂಗೈಯಿಂದ ಮೇಜು ಕುಟ್ಟುತ್ತಿದ್ದ, ಅವಳ ಪೆನ್ಸಿಲು ಉರುಳಿ ಕೆಳಗೆ ಬೀಳುತ್ತಿತ್ತು. ಈಗ ಕುಟ್ಟುವ ಅಗತ್ಯವೇ ಇರಲಿಲ್ಲ. ಬಾಯಿ ತಪ್ಪಿದರೂ ತಾನೇ ತಿದ್ದಿಕೊಳ್ಳುತ್ತಿದ್ದಳು. ಪದಪದಕ್ಕೂ ತಲೆ ತಗ್ಗಿಸುವುದನ್ನು ಅವನು ವಿನಯವೆಂದುಕೊಂಡಿದ್ದ.

"ನೋಡಿದ್ಯಾ?" ಎಂದ ಹೆಂಡತಿಯ ಕಡೆ ತಿರುಗಿ. "ಶಿಸ್ತು ಅಂದ್ರೆ ಇದು."

ಹೆಂಡತಿ ಲಾಂಡ್ರಿಯೊಂದರ ಕೌಂಟರಿನಲ್ಲಿ ಕೆಲಸ ಮಾಡಿ ಆಗಷ್ಟೇ ಬಂದು, ಕಾಲು ಚಾಚಿ ಕುಳಿತಿದ್ದಳು. "ನಿಮ್ಮ ಮುಂದೆ ಓದ್ತಾಳೆ, ಸರಿ. ಒಬ್ಬಳೇ ಇದ್ದಾಗ ಒಂದು ಪುಸ್ತಕಾನೂ ಮುಟ್ಟಲ್ಲ. ಮೊದಲು ಚಿತ್ರ ನೋಡ್ಕೊಂಡು ತಾನೇ ಕಥೆ ಕಟ್ಟಿ ಗೊಂಬೆಗೆ ಹೇಳ್ತಿದ್ದಳು. ಈಗ ಅದೂ ಇಲ್ಲ."

"ಗೊಂಬೆಗೆ ಹೇಳಿದ್ರೆ ಮಾರ್ಕ್ಸ್ ಬರತ್ತಾ? ನನ್ನಪ್ಪ ನಾನು ಯಾವ ಕ್ಲಾಸು ಅಂತಾನೂ ಕೇಳಿದವನಲ್ಲ. ನಾನು ದಿನಾ ಕೂತ್ಕೋತೀನಿ. ಅದಕ್ಕೂ ತಕರಾರಾ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಬೆಳಿಗ್ಗೆಯಿಂದ ಬಿಸಿಲಲ್ಲಿ ಬೆಂದು ಬಂದವನು ಟೀವಿ ಹಾಕದೆ ಮಗಳ ಎದುರು ಕೂರುತ್ತಿದ್ದ.

ಮಾಸ್ಟ್ರ ಕಾರಿಗೆ ಬ್ರೇಕು ಎರಡು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ಅವನ ಕಾಲಡಿ. ಇಷ್ಟು ವರ್ಷದಲ್ಲಿ ಆ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಶಾಲೆಯ ಮಾಲೀಕ ಹೊಸಬರು ಬಂದಾಗಲೆಲ್ಲ ಅವರನ್ನು ಕಾರಿನ ಸುತ್ತ ಕರೆದುಕೊಂಡು ಹೋಗಿ ಇದನ್ನು ತೋರಿಸುತ್ತಿದ್ದ. ಅದರ ಗುಟ್ಟು ಮಾಸ್ಟ್ರ ಬಲಗಾಲಿನಲ್ಲಿತ್ತು. ಎದುರಿನ ನಾಯಿ ರಸ್ತೆ ದಾಟಲು ಮನಸ್ಸು ಮಾಡುವ ಮೊದಲೇ ಆ ಕಾಲು ಒತ್ತಿ ಆಗಿರುತ್ತಿತ್ತು. ಬಸ್ಸಿನಲ್ಲಿ ಕುಳಿತರೂ ಅದು ನೆಲ ಒತ್ತುತ್ತಿತ್ತು, ಟೀವಿಯಲ್ಲಿ ಕಾರು ಓಡಿದರೂ ಒತ್ತುತ್ತಿತ್ತು. ಹೆಂಡತಿ ನಗುತ್ತಿದ್ದಳು. ಅವನಿಗೆ ಮಾತ್ರ ಅದರ ಅರಿವೇ ಇರಲಿಲ್ಲ.

ಆ ವಾರ ಅವನ ಹತ್ತಿರ ಕಲಿತಿದ್ದ ಔಷಧಿ ಅಂಗಡಿಯ ಹೆಂಗಸು ಲೈಸೆನ್ಸಿನ ಪರೀಕ್ಷೆಯಲ್ಲಿ ಫೇಲಾದಳು. ಅದೂ ಎರಡನೆಯ ಸಲ. ಖಾಲಿ ಮೈದಾನದಲ್ಲಿ ಗೋಡೆಯ ತನಕ ಹೋಗಿ, ನಿಲ್ಲಿಸುವುದನ್ನೇ ಮರೆತು, ಅಧಿಕಾರಿ ಕೂಗಿಕೊಂಡ ಮೇಲೆ ನಿಲ್ಲಿಸಿದ್ದಳು.

"ನನ್ನ ಜೊತೆ ಇದ್ದಾಗ ಎಷ್ಟು ಚೆನ್ನಾಗಿ ನಿಲ್ಲಿಸ್ತಿದ್ರಿ ಮೇಡಂ. ಅಲ್ಲಿಗೆ ಹೋಗಿ ಎಲ್ಲ ಮರೆತುಬಿಟ್ರಾ?" ಎಂದ ಮಾಸ್ಟ್ರು.

"ನಾನು ಯಾವತ್ತು ನಿಲ್ಲಿಸಿದೀನಿ ಮಾಸ್ಟ್ರೇ? ಅದು ತಾನಾಗೇ ನಿಲ್ತಿತ್ತು," ಎಂದು ಅವಳು ಮೂಗೊರೆಸಿಕೊಂಡಳು. "ಅಲ್ಲಿ ನಿಮ್ಮ ಕಾಲು ಇರಲಿಲ್ಲವಲ್ಲ."

ಸೋತವರು ಯಾರ ಮೇಲಾದರೂ ಗೂಬೆ ಕೂರಿಸಲೇಬೇಕು ಎಂದುಕೊಂಡ ಅವನು.

ಮರುದಿನ ಮಗಳ ಶಾಲೆಯಿಂದ ಕರೆ ಬಂತು. ಅವಳ ತರಗತಿಯ ಟೀಚರ್ ನಿಧಾನವಾಗಿ ಮಾತಾಡುವ ಹೆಂಗಸು. ಅವನು ಅಲ್ಲಿಗೆ ಹೋದಾಗ ಮಕ್ಕಳೆಲ್ಲ ಆಡಲು ಹೋಗಿದ್ದರು, ಪಿಟೀಲು ಒಬ್ಬಳೇ ಬೆಂಚಿನ ತುದಿಯಲ್ಲಿ ಕೂತಿದ್ದಳು. ದೊಡ್ಡವರ ಕುರ್ಚಿ ಇರಲಿಲ್ಲವಾಗಿ ಮಾಸ್ಟ್ರು ಮಕ್ಕಳ ಕುರ್ಚಿಯಲ್ಲೇ ಮೊಣಕಾಲು ಎದೆಗೆ ತಾಗುವಂತೆ ಕುಳಿತ.

"ಇವಳಿಗೆ ಓದೋಕೆ ಬರ್ತಿಲ್ಲ," ಎಂದರು ಟೀಚರ್. "ಮೊದಲಕ್ಷರ ನೋಡ್ತಾಳೆ, ಆಮೇಲೆ ಊಹೆ ಮಾಡ್ತಾಳೆ. ಮುಂದಿನ ವರ್ಷ ಎಲ್ಲ ಪಾಠಾನೂ ತಾನೇ ಓದಿ ಅರ್ಥ ಮಾಡ್ಕೋಬೇಕು. ಈಗಲೇ ಸರಿಹೋಗದಿದ್ರೆ ಮುಂದೆ ಎಲ್ಲದರಲ್ಲೂ ಹಿಂದೆ ಬೀಳ್ತಾಳೆ. ಸದ್ಯಕ್ಕೆ ಓದೋ ಪೀರಿಯಡ್ಡಿಗೆ ಎರಡನೇ ಕ್ಲಾಸಿನವರ ಜೊತೆ ಕೂರಿಸೋಣ ಅಂತಿದೀನಿ."

ಮಾಸ್ಟ್ರಿಗೆ ಸಿಟ್ಟು ನೆತ್ತಿಗೇರಿತು. "ಏನು ಹೇಳ್ತಿದೀರಿ ಮೇಡಂ? ಮನೇಲಿ ನೀರು ಕುಡಿದ ಹಾಗೆ ಓದ್ತಾಳೆ. ದಿನಾ ಎದುರಿಗೆ ಕೂರಿಸ್ಕೊಂಡು ಓದಿಸೋನು ನಾನು. ನೀವಿಲ್ಲಿ ಹೆದರಿಸ್ತೀರೇನೋ."

"ಇರಬಹುದು," ಎಂದರು ಟೀಚರ್, ಬೇಸರಿಸಿಕೊಳ್ಳದೆ. "ಆದ್ರೆ ಒಂದು ವಿಚಿತ್ರ ನೋಡಿದೀನಿ. ಪ್ರತಿ ಪದಕ್ಕೂ ಬಗ್ಗಿ ನನ್ನ ಕಾಲು ನೋಡ್ತಾಳೆ. ಯಾಕೆ ಅಂತ ಕೇಳಿದ್ರೆ ಹೇಳಲ್ಲ. ನೀವೇ ಒಂದ್ಸಲ ಓದಿಸಿ, ನಾನೂ ಕೇಳ್ತೀನಿ."

ಪಿಟೀಲು ಅಪ್ಪನ ಎದುರು ಬಂದು ನಿಂತಳು. ಟೀಚರ್ ಅವಳು ಓದಿರದ ಪುಟವೊಂದನ್ನು ತೆರೆದು ಇಬ್ಬರಿಗೂ ಕಾಣುವಂತೆ ನಡುವೆ ಇಟ್ಟರು. "ಮಳೆ ನಿಂತ ಮೇಲೆ ಕಪ್ಪು…" ಎಂದು ಅವಳು ಅಪ್ಪನ ಬೂಟು ನೋಡಿದಳು. ಮಾಸ್ಟ್ರು ಅವಳ ಕಣ್ಣು ಹೋದ ಕಡೆ ತಾನೂ ನೋಡಿದ. ಬಲಗಾಲಿನ ಬೂಟು ನೆಲಕ್ಕೆ ಒತ್ತಿಕೊಂಡಿತ್ತು. "ಕಪ್ಪೆ," ಎಂದಳು ಅವಳು. ಬೂಟು ಸಡಿಲವಾಯಿತು.

ಮಾಸ್ಟ್ರು ಎದ್ದು, "ಒಂದು ತಿಂಗಳು ಕೊಡಿ ಮೇಡಂ," ಎಂದಷ್ಟೇ ಕೇಳಿಕೊಂಡ. ಅವರು ಒಪ್ಪಿದರು.

ಮಗಳ ಜೊತೆ ಮನೆಗೆ ನಡೆದು ಬರುವಾಗ ಬೇಕರಿಯ ತಿರುವಿನಲ್ಲಿ ಅವನು ಕೇಳಿದ. "ನನ್ನ ಕಾಲು ಯಾಕೆ ನೋಡ್ತೀಯಾ ಪುಟ್ಟಾ?"

"ತಪ್ಪಾದ್ರೆ ಅದು ಒತ್ತತ್ತೆ. ಸರಿಯಾದ್ರೆ ಸುಮ್ನಿರತ್ತೆ."

"ಮತ್ತೆ ಪುಸ್ತಕ?"

"ಪುಸ್ತಕ ಏನೂ ಹೇಳಲ್ಲ ಅಪ್ಪಾ." ಮತ್ತೆ ಸೇರಿಸಿದಳು. "ಟೀಚರ್ ಕಾಲೂ ಏನೂ ಹೇಳಲ್ಲ."

ಅವನಿಗೆ ನಾಚಿಕೆಯಾಯಿತು. ಮಗು ಮೋಸ ಮಾಡಿರಲಿಲ್ಲ. ಮೇಜು ಕುಟ್ಟುವ ಅಪ್ಪನಿಂದ ತಪ್ಪಿಸಿಕೊಳ್ಳಲು ಒಂದು ದಾರಿ ಹುಡುಕಿಕೊಂಡಿತ್ತು, ಅಷ್ಟೆ. ಅದೇ ಬುದ್ಧಿಯನ್ನು ಪುಸ್ತಕದ ಮೇಲೆ ಖರ್ಚು ಮಾಡಲು ತಾನೇ ಬಿಟ್ಟಿರಲಿಲ್ಲ ಎಂಬುದು ಅವನಿಗೆ ಹೊಳೆಯಿತು. ಔಷಧಿ ಅಂಗಡಿಯ ಹೆಂಗಸಿನ ಮಾತೂ ನೆನಪಾಯಿತು. ಅವಳನ್ನು ಮನಸ್ಸಿನಲ್ಲೇ ಹಳಿದದ್ದು ತಪ್ಪಾಯಿತೆಂದು ಅನ್ನಿಸಿತು.

ಮನೆಯಲ್ಲಿ ಹೆಂಡತಿ ಸಂಗತಿ ಕೇಳಿ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ಕಾಲು ಆಡತ್ತೆ ಅಂತ ಗೊತ್ತಿದ್ದೂ ಹೇಳಲಿಲ್ಲವಲ್ಲ ನೀನು," ಎಂದ ಅವನು.

"ಆಡತ್ತೆ ಅಂತ ಗೊತ್ತಿತ್ತು. ಮಗು ಅದನ್ನೇ ಓದ್ತಿದೆ ಅಂತ ನಾನೇನು ಕನಸು ಕಂಡಿದ್ನಾ?"

ಅಂದು ಸಂಜೆ ಅವನು ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಮಡಚಿಕೊಂಡು ಕುಳಿತ. ಪಿಟೀಲು ಪುಸ್ತಕ ತೆರೆದಳು, ಮೇಜಿನ ಕೆಳಗೆ ಬಗ್ಗಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಮೊದಲ ಸಾಲಿನಲ್ಲೇ ನಿಂತುಬಿಟ್ಟಳು. ಬೆರಳು ಒಂದು ಪದದ ಮೇಲೆ ಹೋಯಿತು, ಬಂತು. ಅಪ್ಪನ ಮುಖ ನೋಡಿದಳು, ಕೈ ನೋಡಿದಳು. ಆ ಮೌನ ಮಾಸ್ಟ್ರಿಗೆ ತಡೆಯಲಾಗಲಿಲ್ಲ. "ಟೋಪಿ! ಟೋಪಿ ಕಣೇ, ನಿನ್ನೆ ತಾನೇ ಓದಿದ್ದಲ್ವಾ!" ಎಂದು ಬಾಯಿಬಿಟ್ಟ. ಪಿಟೀಲು ಪುಸ್ತಕ ಮುಚ್ಚಿ ಅಳತೊಡಗಿದಳು. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಅವಳ ಹಳೆಯ ರಾಗ ಕೇಳಿಸಿತು.

ಹೆಂಡತಿ ಬಂದು ಮಗುವನ್ನು ಮಡಿಲಿಗೆ ಎಳೆದುಕೊಂಡಳು. "ಒಂದು ಮಾತು ಕೇಳ್ತೀನಿ. ಹೊಸಬರು ಬಂದ್ರೆ ಮೊದಲ ದಿನಾನೇ ಸ್ಟೀರಿಂಗ್ ಕೈಗೆ ಕೊಡ್ತೀರಾ?"

"ಎಲ್ಲಾದ್ರೂ ಉಂಟಾ? ಮೊದಲು ನಾನೇ ಒಂದು ಸುತ್ತು ಓಡಿಸಿ ತೋರಿಸ್ತೀನಿ."

"ಇವಳನ್ನ ಒಂದಿನಾನಾದ್ರೂ ಸುತ್ತು ಕರ್ಕೊಂಡು ಹೋಗಿದೀರಾ?"

ಮಾಸ್ಟ್ರು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಆನೆಯ ಕಥೆಯನ್ನು ಮೊದಲಿನಿಂದ ಓದತೊಡಗಿದ.

ಅವನು ಕಥೆ ಓದಿದವನೇ ಅಲ್ಲ. ರಸ್ತೆಯ ನಿಯಮ ಓದುವ ದನಿಯಲ್ಲೇ ಆನೆಯ ಮಾತನ್ನೂ ಓದಿದ, ಅಂಗಡಿಯವನ ಮಾತನ್ನೂ ಓದಿದ. "ಆನೆ ಹಾಗಾ ಮಾತಾಡೋದು?" ಎಂದಳು ಹೆಂಡತಿ. ಅವನು ದನಿ ದಪ್ಪ ಮಾಡಿದ. ಅಳು ನಿಂತಿತು. ಪಿಟೀಲು ಅಮ್ಮನ ಮಡಿಲಿಂದ ಇಳಿದು, ಕುರ್ಚಿ ಎಳೆದುಕೊಂಡು ಅಪ್ಪನ ಪಕ್ಕಕ್ಕೆ ಬಂದಳು. ಚಿತ್ರ ಬಂದ ಕಡೆ ಅವನು ನಿಂತ, ಅವಳು ನೋಡಿ ಮುಗಿಸಿದ ಮೇಲೆ ಮುಂದುವರಿದ.

ದನಿಯ ಕಡೆಗೆ ಗಮನ ಹೋಗಿ ಅವನು ಒಂದು ಪದವನ್ನು ನುಂಗಿದ. ಪಕ್ಕದ ಕುರ್ಚಿಯಿಂದ ಪುಟ್ಟ ಕಾಲೊಂದು ಇಳಿದು ನೆಲವನ್ನು ಒತ್ತಿತು.

ಮಾಸ್ಟ್ರು ಓದುವುದನ್ನು ನಿಲ್ಲಿಸಿ ಆ ಕಾಲನ್ನು ನೋಡಿದ. ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಪಿಟೀಲು ಮಾತ್ರ ನಗಲಿಲ್ಲ. ಪುಟದ ಮೇಲೆ ಬೆರಳಿಟ್ಟು, "'ಕೆಂಪು' ಬಿಟ್ಟೆ ಅಪ್ಪಾ. ಕೆಂಪು ಟೋಪಿ," ಎಂದಳು.

"ನಿನಗೆ ಹೇಗೆ ಗೊತ್ತಾಯ್ತು?"

"ಇಲ್ಲೇ ಇದೆಯಲ್ಲ," ಎಂದಳು, ಇಷ್ಟೂ ತಿಳಿಯದೇ ಎಂಬಂತೆ.

ಅಂದಿನಿಂದ ಮೇಜು ಆರುವ ತನಕ ಕಾಯುವ ಕಾನೂನು ತಾನಾಗಿ ಬಿದ್ದುಹೋಯಿತು. ಅವನು ಒಂದು ಪುಟ ಓದುತ್ತಿದ್ದ, ಅವಳಿಗೆ ಮನಸ್ಸಾದರೆ ಒಂದು ಸಾಲು ಓದುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಆನೆಗೆ ಟೋಪಿ ಯಾಕೆ ಬೇಕಿತ್ತು ಎಂಬ ಬಗ್ಗೆ ಮೂವರೂ ವಾದ ಮಾಡಿದರು. ಎಲ್ಲ ಸಂಜೆಯೂ ಸಲೀಸಾಗಿರಲಿಲ್ಲ. ಕೆಲವು ದಿನ ಅವಳು ಪುಸ್ತಕ ಕಂಡರೆ ಮುಖ ಸಿಂಡರಿಸುತ್ತಿದ್ದಳು, ಕೆಲವು ದಿನ ಅವನಿಗೇ ತಾಳ್ಮೆ ಕೆಡುತ್ತಿತ್ತು. ಆಗ ಅವನು ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದ.

ಔಷಧಿ ಅಂಗಡಿಯ ಹೆಂಗಸಿನ ಪಾಠವೂ ಬದಲಾಯಿತು. ರಸ್ತೆಯಲ್ಲಿ ಕಾಲು ತೆಗೆಯುವಷ್ಟು ಹುಚ್ಚನಲ್ಲ ಮಾಸ್ಟ್ರು. ಆದರೆ ಖಾಲಿ ಮೈದಾನದಲ್ಲಿ ಎರಡೂ ಪಾದಗಳನ್ನು ಸೀಟಿನ ಕಡೆಗೆ ಎಳೆದುಕೊಂಡು, "ಇವತ್ತು ನಾನಿಲ್ಲ ಅಂದ್ಕೊಳ್ಳಿ ಮೇಡಂ," ಎಂದ. ಅವಳು ನಿಧಾನಕ್ಕೆ ಹೋಗಿ, ಗುರುತಿಗೆ ಇಟ್ಟಿದ್ದ ಖಾಲಿ ಡ್ರಮ್ಮಿಗೆ ಗುದ್ದಿದಳು. ಎರಡನೆಯ ಸಲ ಅದರ ಮುಂದೆ ತಾನೇ ನಿಲ್ಲಿಸಿದಳು. ಮಾಲೀಕ ಕಾರಿನ ಮುಂಭಾಗ ನೋಡಿ ಹೌಹಾರಿದ. ಬೈಗುಳವನ್ನು ಮಾಸ್ಟ್ರು ತಲೆ ತಗ್ಗಿಸಿ ಕೇಳಿಸಿಕೊಂಡ.

ಕೇಳಿದ್ದ ತಿಂಗಳು ಮುಗಿಯುತ್ತ ಬಂದಿತ್ತು. ಟೀಚರ್ ಸಿಕ್ಕಾಗ, "ಇನ್ನೂ ತಡವರಿಸ್ತಾಳೆ. ಆದ್ರೆ ಈಗ ಪುಸ್ತಕ ನೋಡ್ತಾಳೆ. ಇಲ್ಲೇ ಇರಲಿ ಬಿಡಿ," ಎಂದಿದ್ದರು.

ಅದೇ ಸಂಜೆ ಪಿಟೀಲು ಶಾಲೆಯಿಂದ ತಂದ ಹೊಸ ಪುಸ್ತಕವೊಂದನ್ನು ಯಾರೂ ಕರೆಯದೆ ತಾನೇ ಎತ್ತಿಕೊಂಡು ಬಂದಳು. ಅಮ್ಮ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಲೋಟಗಳು ಮೇಜಿನ ಮೇಲೇ ಇದ್ದವು. ಮಾಸ್ಟ್ರು ಎಂದಿನಂತೆ ಕಾಲು ಮಡಚಿ ಕುಳಿತ. ಅವಳು ಬೆರಳಿಟ್ಟುಕೊಂಡು, ನಿಲ್ಲುತ್ತ, ಎಡವುತ್ತ ಓದಿದಳು. "ಮುದುಕ ದೋಣಿಯಲ್ಲಿ ಬೆಕ್ಕನ್ನು ಹಾಕಿಕೊಂಡು ಹೊರಟನು," ಎಂದಳು.

ಪುಟದಲ್ಲಿದ್ದದ್ದು ಬೆಲ್ಲ. ಮಾಸ್ಟ್ರಿಗೆ ಅದು ಕಾಣುತ್ತಿತ್ತು. ತೊಡೆಯ ಕೆಳಗೆ ಸಿಕ್ಕಿಕೊಂಡಿದ್ದ ಬಲಗಾಲು ಮಿಸುಕಿತು. ಅವನು ಅದರ ಮೇಲೆ ಇನ್ನಷ್ಟು ಭಾರ ಬಿಟ್ಟು ಕುಳಿತ.

"ದಾರಿಯಲ್ಲಿ ಮಳೆ ಬಂದು ಅದು ಕರಗಿ…" ಎಂದು ಪಿಟೀಲು ಓದಿದಳು. ನಿಂತಳು. ಹುಬ್ಬು ಗಂಟಿಕ್ಕಿದಳು. "ಬೆಕ್ಕು ಕರಗತ್ತಾ?" ಎಂದು ತನಗೆ ತಾನೇ ಕೇಳಿಕೊಂಡಳು. ಬೆರಳು ಮೇಲಿನ ಸಾಲಿಗೆ ಹೋಯಿತು. ತುಟಿ ಅಲುಗಿತು. "ಬೆಲ್ಲ! ಬೆಲ್ಲ ಅಪ್ಪಾ ಅದು!"

"ಹೌದಾ?"

"ತಪ್ಪು ಓದಿದ್ದೆ ನಾನು. ನಿನಗೆ ಗೊತ್ತಾಗಲಿಲ್ವಾ? ಯಾಕೆ ಹೇಳಲಿಲ್ಲ?"

"ಕಾಲಿಗೆ ಜೋಮು ಹಿಡಿದಿದೆ," ಎಂದ ಮಾಸ್ಟ್ರು. "ನೀನು ಓದು."

ಪಿಟೀಲು ಪುಟ ತಿರುಗಿಸಿದಳು.