ಇಳಿಬಿಟ್ಟ ಕುಲಾವಿ

ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯನ್ನು, ಚಿತ್ರಕ್ಕೆ ಕೂತಿದ್ದ ಕಾತೆಲ್ ಕ್ಯಾನ್ವಾಸಿನ ಮೇಲೆ ಎಳೆದೇಬಿಟ್ಟಳು. ಇನ್ನೂ ಹಸಿಯಾಗಿದ್ದ ಅವಳದೇ ಮುಖ ಕಂದು ರಾಡಿಯಾಗಿ ಕೆಳಗೆ ಸೋರಿತು. ಚಿತ್ರಕಾರ ಗಾರಿಗ್‌ನ ಕುಂಚ ಹಿಡಿದ ಕೈ ಗಾಳಿಯಲ್ಲೇ ನಿಂತುಹೋಯಿತು.

"ನನ್ನ ಗಂಡ ಬದುಕಿದ್ದಾನೆ," ಎಂದಳು. "ಯಾರನ್ನ ಕೇಳಿ ರೆಕ್ಕೆ ಇಳಿಸಿದ್ರಿ?"

ಅವನು ಯಾರನ್ನೂ ಕೇಳಿರಲಿಲ್ಲ. ಅವಳು ತನ್ನ ಬಿಳಿ ಕುಲಾವಿಯ ಎರಡು ಬದಿಯ ಬಟ್ಟೆಯ ರೆಕ್ಕೆಗಳನ್ನು ಮೇಲಕ್ಕೆತ್ತಿ ಪಿನ್ನು ಚುಚ್ಚಿಕೊಂಡಿದ್ದಳು. ಕೆನ್ನೆಯ ಮೇಲೆ ಚೂರು ನೆರಳು ಬೀಳಲೆಂದು ಚಿತ್ರದಲ್ಲಿ ಅವನ್ನು ಭುಜಕ್ಕೆ ಇಳಿಬಿಟ್ಟಿದ್ದ, ಅಷ್ಟೇ. ಫ್ರಾನ್ಸಿನ ಈ ಬ್ರೆಟನ್ ಬಂದರಿನಲ್ಲಿ ಹೆಂಗಸರ ರೆಕ್ಕೆ ಇಳಿಯುವುದು ಗಂಡ ಸತ್ತಾಗ ಮಾತ್ರ ಎಂದು ಅವನು ಇಳಿದುಕೊಂಡಿದ್ದ ವಸತಿಯ ಒಡತಿ ಪೆರೀನ್ ಆಮೇಲೆ ಹೇಳಿದಳು. ಇಷ್ಟು ವರ್ಷ ನಮ್ಮ ಹೆಂಗಸರನ್ನು ಬರೆದೇ ಹೊಟ್ಟೆ ಹೊರೆದಿರಿ ಮೆಸ್ಯೂ, ಒಂದು ದಿನವಾದರೂ ಅವರ ತಲೆಯ ಕಡೆ ನೋಡಿದ್ದೀರಾ ಎಂದು ಚುಚ್ಚಿದಳು ಕೂಡ.

ತೊಟ್ಟಿಲು ತೂಗುವವರು, ಬಲೆ ಹೆಣೆಯುವವರು, ಸೂಪು ಕಲಕುವವರು, ಎಷ್ಟು ಜನರನ್ನು ಬರೆದು ಪ್ಯಾರಿಸ್ಸಿಗೆ ಕಳಿಸಿದ್ದ! ಅಲ್ಲಿನ ದೊಡ್ಡ ಪ್ರದರ್ಶನದಲ್ಲಿ ಮೊದಮೊದಲು ಅವನ ಚಿತ್ರಗಳು ಜನರ ಕಣ್ಣಿನೆದುರಿಗೇ ತೂಗುತ್ತಿದ್ದವು. ಬರಬರುತ್ತಾ ಮೇಲೆ, ಇನ್ನೂ ಮೇಲೆ, ಹೋದ ವರ್ಷ ಸೂರಿನ ಕತ್ತಲಲ್ಲಿ. ಈ ಸಲ ಒಳಗೇ ಬಿಡಲಾರರು. ಉಳಿದಿದ್ದ ಆಸೆ ಇದೊಂದೇ ಚಿತ್ರ, ಅದಕ್ಕೀಗ ಮುಖವಿರಲಿಲ್ಲ. ರೆಕ್ಕೆ ಎತ್ತಿಯೇ ಬರೆಯುತ್ತೇನೆ, ಬಂದು ಕೂರು ಎಂದು ಅವಳ ಮನೆಮುಂದೆ ನಿಂತು ಅಂಗಲಾಚಿದ. ಅವಳು ಬಾಗಿಲು ತೆರೆಯಲಿಲ್ಲ.

ಭಾನುವಾರ ಬಿರುಗಾಳಿ ಎದ್ದಿತು. ಮಂಗಳವಾರ ಅವಳ ಗಂಡ ಯುವೆನ್‌ನ ದೋಣಿಯ ಚುಕ್ಕಾಣಿಯೊಂದೇ ದಡಕ್ಕೆ ಬಂತು. ಗಂಡ ಸಾಯುವ ಮೊದಲೇ ರೆಕ್ಕೆ ಇಳಿಸಿದವನೆಂದು ಬೀದಿಯಲ್ಲಿ ಗಾರಿಗ್‌ನನ್ನು ಕಂಡವರು ಶಿಲುಬೆಯ ಗುರುತು ಮಾಡಿಕೊಂಡು ಪಕ್ಕಕ್ಕೆ ಸರಿದರು.

ಮರುದಿನ ಬೆಳಿಗ್ಗೆ ಅವನು ಪೆಟ್ಟಿಗೆ ಕಟ್ಟುತ್ತಿದ್ದಾಗ ಕಾತೆಲ್ ಒಳಬಂದು ಕಿಟಕಿಯ ಪಕ್ಕ ಕೂತಳು. ರೆಕ್ಕೆಗಳು ಭುಜದ ಮೇಲಿದ್ದವು. ಅವನು ಎಲ್ಲಿ ಊಹಿಸಿದ್ದನೋ ಅಲ್ಲೇ ನೆರಳು ಬಿದ್ದಿತ್ತು. ಕಣ್ಣಲ್ಲಿ ನೀರಿರಲಿಲ್ಲ, ದುಃಖವೆಂದು ಅವನು ಈವರೆಗೆ ಬರೆದದ್ದು ಯಾವುದೂ ಆ ಮುಖದಲ್ಲಿರಲಿಲ್ಲ.

"ಹೂಳೋಕೆ ಹೆಣಾನೂ ಸಿಗಲಿಲ್ಲ, ಮೆಸ್ಯೂ. ಅವನಿಗೊಬ್ಬ ಹೆಂಡತಿ ಇದ್ಲು ಅಂತ ಎಲ್ಲಾದ್ರೂ ಒಂದ್ಕಡೆ ಇರಲಿ. ಬರೀರಿ."

ಕ್ಯಾನ್ವಾಸು ಅಲ್ಲೇ ಇತ್ತು. ಪ್ರದರ್ಶನಕ್ಕೆ ಕಳಿಸಲು ಸಮಯವೂ ಇತ್ತು. ಈ ಮುಖವನ್ನು ಪ್ಯಾರಿಸ್ಸು ನೋಡದೆ ದಾಟಿ ಹೋಗಲಾರದು ಎಂದು ಅವನ ಕೈಗೆ ಮೊದಲೇ ಗೊತ್ತಾಗಿ, ಬೆರಳು ತಾನಾಗಿ ಕುಂಚದ ಕಡೆ ಚಾಚಿತ್ತು. ಅವಳ ಗಂಡನ ಸಾವಿನಲ್ಲೂ ತನ್ನ ಗೆಲುವನ್ನೇ ಹುಡುಕಿದ ಆ ಕೈಯನ್ನು ಅವನು ಸರಕ್ಕನೆ ಹಿಂದೆಗೆದುಕೊಂಡ.

"ಇಲ್ಲ," ಎಂದ. "ನಾನು ಬರೆಯಲ್ಲ."