ಬೂದು ಬೆಕ್ಕಿನ ಬಾಣಂತನ

ಏಳು ಮನೆ ಸುತ್ತಿಸದೆ ಬೆಕ್ಕು ತನ್ನ ಮರಿಯನ್ನು ದೊಡ್ಡದು ಮಾಡುವುದಿಲ್ಲ ಎಂದು ಜವರಮ್ಮ ಮೊಮ್ಮಗಳು ತೇಜಸ್ವಿನಿಗೆ ತೊಟ್ಟಿಲಲ್ಲಿದ್ದಾಗಲೇ ಹೇಳಿದ್ದಳು. ಮಂಡ್ಯದ ಆ ಅಜ್ಜಿ ಈಗ ಅಮೆರಿಕದ ಲಾಸ್ ಗ್ಯಾಟೋಸ್ ಎಂಬ ಊರಿನಲ್ಲಿ ಮೊಮ್ಮಗಳ ಜೊತೆಗಿದ್ದಳು. ಕತೆಗಳೂ ಅವಳ ಸೀರೆಗಂಟಿನೊಳಗೆ ಕೂತು ವಿಮಾನ ಹತ್ತಿ ಬಂದಿದ್ದವು. ಹಾಗಾಗಿ, ಯಾರ ಕೈಗೂ ಸಿಗದ ಬೂದು ಬೆಕ್ಕೊಂದು ಅಂಗೈಯಗಲದ ಮರಿಯನ್ನು ಕಚ್ಚಿಕೊಂಡು ಬಂದು ಹಿತ್ತಿಲ ಮರದ ಜಗಲಿ, ಡೆಕ್ಕಿನ ಹಲಗೆಗಳ ಕೆಳಗೆ ಇಳಿಸಿದಾಗ, ಕತೆಯ ಬೆಕ್ಕೇ ದಾರಿ ತಪ್ಪಿ ಇತ್ತ ಬಂತೇನೋ ಎನಿಸಿತು ತೇಜಸ್ವಿನಿಗೆ.

ಆ ವಾರ ಬೆಟ್ಟದಿಂದ ಚಳಿ ಇಳಿಯಿತು. ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಗಿಡಗಳಿಗೆ ಹೊದಿಸಿ ಎಂದು ಫೋನು ಎಚ್ಚರಿಸಿತು. ನಿಂಬೆಗಿಡಕ್ಕೇನೋ ಹೊದಿಸಬಹುದು, ಮರಿಗೆ? ಹತ್ತಿರ ಹೋದರೆ ತಾಯಿ ಅದನ್ನು ಕಚ್ಚಿಕೊಂಡು ಬೆಟ್ಟ ಹತ್ತಿಬಿಡುತ್ತಿತ್ತು. ಆ ಚಳಿಯಲ್ಲಿ ಮರಿ ಬೆಳಗು ಕಾಣುತ್ತಿರಲಿಲ್ಲ.

"ಬಾಣಂತಿ ಕಣವ್ವ ಅವಳು. ಬಾಣಂತಿ ಕ್ವಾಣೆ ಮಾಡ್ಕೊಡು," ಎಂದಳು ಜವರಮ್ಮ.

ತೇಜಸ್ವಿನಿ ದೊಡ್ಡ ಪ್ಲಾಸ್ಟಿಕ್ ಡಬ್ಬಕ್ಕೆ ಬೆಕ್ಕು ನುಸುಳುವಷ್ಟೇ ಬಾಗಿಲು ಕೊರೆದಳು. ಒಳಗೆ ಅಜ್ಜಿಯ ಹಳೇ ಸೀರೆಗಳ ಕೌದಿ ಹಾಸಿದಳು. ಮನೆಯೊಳಗೆ ಹೊಗೆ ಹಾಕಿದರೆ ಅಲಾರಾಂ ಬಾಯಿ ಬಡಿದುಕೊಳ್ಳುತ್ತದೆಂದು ಇಬ್ಬರೂ ಹಿತ್ತಿಲಲ್ಲೇ ಕೂತು, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಡಬ್ಬಕ್ಕೆ ಹೊಗೆ ತುಂಬಿದರು. ಅಜ್ಜಿ ಡಬ್ಬದ ಹೊಸಿಲಿಗೆ ಚಿಟಿಕೆ ಅರಿಶಿನವನ್ನೂ ಹಚ್ಚಿದಳು.

ಬೆಳಗ್ಗೆ ನೋಡಿದರೆ ಡಬ್ಬ ಖಾಲಿ. ಕೌದಿ ಇಬ್ಬನಿ ಕುಡಿದು ಹೆಪ್ಪುಗಟ್ಟಿ ಹಪ್ಪಳದಂತೆ ಸೆಟೆದಿತ್ತು. ಹಲಗೆಗಳ ಕೆಳಗಿಂದ ಮರಿಯ ದನಿ ನೂಲಿಗಿಂತ ಸಣ್ಣಗೆ ಬರುತ್ತಿತ್ತು. ಬೇಲಿಯ ಮೇಲಿದ್ದ ತಾಯಿ ಡಬ್ಬದತ್ತ ಕಿವಿ ಮಡಚಿ ನೋಡಿ, ಒಂದು ಸಲ ಸೀನಿತು.

"ಏನ್ ಕೊಬ್ಬು ನೋಡು ಇವಳ್ಗೆ! ಇದೇ ಹೊಗೇಲಿ ನಿನ್ನ ಸಾಕ್ಲಿಲ್ವಾ ನಾವು?"

ತೇಜಸ್ವಿನಿ ತನ್ನ ಸ್ವೆಟರಿನ ತೋಳನ್ನು ಮೂಸಿದಳು. ಸಾಂಬ್ರಾಣಿಯ ಹಿಂದೆಯೇ ಬೇರೊಂದು ವಾಸನೆ ನೆನಪಾಯಿತು. ಇಲ್ಲಿನ ಬೆಟ್ಟಗಳು ಕಾಡ್ಗಿಚ್ಚಿಗೆ ಉರಿದ ವರ್ಷ ಆಕಾಶ ತಾಮ್ರದ ಹಂಡೆಯಂತಾಗಿತ್ತು. ಜಿಂಕೆಗಳು ಕನಸಿನಲ್ಲಿ ನಡೆಯುವಂತೆ ರಸ್ತೆಗೆ ಇಳಿದು ಬಂದಿದ್ದವು.

"ಅಜ್ಜಿ, ಇಲ್ಲಿ ಹೊಗೆ ಅಂದ್ರೆ ಬಾಣಂತಿ ರೂಮಲ್ಲ. ಬೆಂಕಿ ಬಿತ್ತು, ಮರಿ ಎತ್ಕೊಂಡು ಓಡು ಅಂತ."

ಜವರಮ್ಮ ಡಬ್ಬದಿಂದ ಕೌದಿಯನ್ನು ಹೊರಗೆಳೆದಳು. "ಹಂಗಾದ್ರೆ ತೆಗೆದಾಕು ಎಲ್ಲಾನೂ. ಅವಳ ಬಾಣಂತನ, ಅವಳಿಷ್ಟ." ಕೌದಿಯ ಅಂಚನ್ನು ಮುಟ್ಟಿ ಮುಖ ಕಿವುಚಿದಳು. "ಬಟ್ಟೆ ಥಂಡಿ ಕುಡೀತದೆ. ಕೊಟ್ಟಿಗೇಲಿ ಕರುಗೆ ಹಾಸ್ತಿದ್ವಲ್ಲ, ಒಣಹುಲ್ಲು, ಅದು ಸಿಕ್ಕದಾ ನಿಮ್ಮ ಅಮೆರಿಕದಲ್ಲಿ?"

ಸಿಕ್ಕಿತು, ಗರಾಜಿನಲ್ಲೇ. ಹ್ಯಾಲೋವೀನ್ ಹಬ್ಬಕ್ಕೆ ಕುಂಬಳಕಾಯಿ ಕೂರಿಸಲು ತಂದಿದ್ದ ಹುಲ್ಲಿನ ಕಟ್ಟು ಮೂಲೆಯಲ್ಲಿತ್ತು. ಹೊಗೆ ಸೋಕದ ಬೇರೊಂದು ಡಬ್ಬ ಕೊರೆದು, ಹುಲ್ಲು ತುಂಬಿ, ಡೆಕ್ಕಿನ ಪಕ್ಕ ಗಾಳಿಗೆ ಬೆನ್ನು ಮಾಡಿಟ್ಟು ಇಬ್ಬರೂ ಒಳಗೆ ಬಂದರು.

ಸಂಜೆ ಬೆಟ್ಟದ ನೆತ್ತಿ ನೇರಳೆಯಾಗುವಾಗ ತಾಯಿ ಹಲಗೆಗಳ ಕೆಳಗಿಂದ ಹೊರಬಂತು. ಬಾಯಲ್ಲಿ ಮರಿ ತೂಗುತ್ತಿತ್ತು. ಅದು ಬೆಟ್ಟದ ಕಡೆಗೆ ತಿರುಗಿತು. ಅಡುಗೆಮನೆಯ ಕಿಟಕಿಯಲ್ಲಿ ತೇಜಸ್ವಿನಿ ಅಜ್ಜಿಯ ಸೆರಗು ಹಿಡಿದುಕೊಂಡಳು. ಬೆಕ್ಕು ನಿಂತಿತು, ಗಾಳಿ ಮೂಸಿತು, ಹಿಂದಿರುಗಿ ಬಂದು ಡಬ್ಬದ ಹೊಸಿಲನ್ನು ಮೂಸಿತು. ಆಮೇಲೆ ಹುಲ್ಲು ಸರಸರ ಅಂದಿತು. ಬಾಲವೂ ಒಳಗೆ ಹೋಯಿತು.

"ಇದು ಎಷ್ಟನೇ ಮನೆ ಅಜ್ಜಿ ಅದಕ್ಕೆ?" ತೇಜಸ್ವಿನಿ ಪಿಸುಗುಟ್ಟಿದಳು.

"ಸುಮ್ಕಿರು. ಎಣ್ಸಿದ್ರೆ ಎದ್ದೋಯ್ತಾಳೆ." ಜವರಮ್ಮ ಪರದೆ ಎಳೆದಳು. ಎಳೆದವಳೇ, ಅದರ ಸಂದಿಗೆ ಕಣ್ಣಿಟ್ಟು ಮತ್ತೆ ನೋಡತೊಡಗಿದಳು.